ಹಕ್ಕಿ ಇಳಿಯದ ಹಿತ್ತಲು

"ಗುರುಗಳೇ, ಕೋಪವನ್ನು ಬಿಡಬೇಕು ಎನ್ನುತ್ತೀರಿ. ಎಲ್ಲರೂ ಸೇರಿ ಸುಳ್ಳು ಹೇಳುವಾಗ ಬರುವ ಕೋಪವನ್ನೂ ಬಿಡಬೇಕೇ?"

ಕೇಳಿದವನು ಹಂಪಯ್ಯ. ಅವನು ಮಠ ಸೇರಿ ಬಹಳ ಕಾಲವಾಗಿರಲಿಲ್ಲ. ಹಿಂದಿನ ದಿನ ಮಠದ ಕೊಟ್ಟಿಗೆಯಲ್ಲಿ ಒಂದು ಕರು ಸತ್ತಿತ್ತು. ನೀರು ಕುಡಿಸುವವರಿಲ್ಲದೆ ಸತ್ತಿತೆಂದು ಅವನು ಬಲ್ಲ. ಉಳಿದ ಶಿಷ್ಯರೆಲ್ಲ ರೋಗ ಬಂದು ಸತ್ತಿತು ಎಂದರು. ಅವನು ಕೂಗಾಡಿದಾಗ, ಮೊದಲು ನಿನ್ನ ಕೋಪವನ್ನು ಗೆಲ್ಲು ಎಂದು ಅವನಿಗೇ ಬುದ್ಧಿ ಹೇಳಿದರು.

ಗುರುಗಳು ಕುಳಿತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಂದು ನೇಕಾರರ ಊರಿತ್ತು. ಮನೆಗಳೆಲ್ಲ ಒತ್ತಾಗಿ ನಿಂತಿದ್ದವು. ಪ್ರತಿ ಮನೆಯ ಹಿಂದೆ ಒಂದು ಹಿತ್ತಲು. ಹಿತ್ತಲು ಹಿತ್ತಲುಗಳ ನಡುವೆ ಎದೆಮಟ್ಟದ ಮಣ್ಣಿನ ಗೋಡೆ.

ಆ ಊರಿಗೆ ಒಂದು ರೂಢಿಯಿತ್ತು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಒಂದು ದಿನ ಎಲ್ಲರೂ ಮಗ್ಗ ನಿಲ್ಲಿಸುತ್ತಿದ್ದರು. ಬೆಳಗಾದಾಗಿನಿಂದ ಬಿಸಿಲೇರುವ ತನಕ ಪ್ರತಿ ಮನೆಯವರೂ ತಮ್ಮ ಹಿತ್ತಲಲ್ಲಿ ಸದ್ದಿಲ್ಲದೆ ಕುಳಿತು ಹಕ್ಕಿಗಳನ್ನು ಎಣಿಸುತ್ತಿದ್ದರು. ಮೇಲೆ ಹಾರಿಹೋದದ್ದು ಲೆಕ್ಕಕ್ಕಿಲ್ಲ. ನೆಲಕ್ಕೋ ಗಿಡಕ್ಕೋ ಇಳಿದದ್ದೇ ಲೆಕ್ಕ. ಸಂಜೆಗೆ ಊರೆಲ್ಲ ಕಟ್ಟೆಯ ಸುತ್ತ ಸೇರುತ್ತಿತ್ತು. ಮನೆಗೊಬ್ಬರು ಎದ್ದು ನಿಂತು ತಮ್ಮ ಎಣಿಕೆ ಹೇಳುವರು. ಊರಗೌಡ ಹಕ್ಕಿಗೊಂದು ಹುಣಸೆಬೀಜವನ್ನು ಮಡಕೆಗೆ ಹಾಕುವನು. ಮಡಕೆ ತುಂಬಿದರೆ ಎಲ್ಲರಿಗೂ ಬೆಲ್ಲ.

ಹಿರಿಯರು ಆಟಕ್ಕೆಂದು ಹಾಕಿಕೊಟ್ಟ ರೂಢಿಯಲ್ಲ ಅದು. ಹಕ್ಕಿ ಇಳಿದರೆ ನೀರು ಕಾಳು ನೆಟ್ಟಗಿವೆ, ಇಳಿಯದಿದ್ದರೆ ಎಲ್ಲೋ ಏನೋ ಕೆಟ್ಟಿದೆ, ಹುಡುಕಿಕೊಳ್ಳಿ ಎಂಬುದಷ್ಟೇ ಅವರ ಮಾತು. ಮುಂದಿನವರು ಅದನ್ನು ತಿರುಚಿದರು. ಹೆಚ್ಚು ಹಕ್ಕಿ ಬಂದ ಮನೆ ಪುಣ್ಯದ ಮನೆಯಾಯಿತು. ಕಡಿಮೆ ಬಂದ ಮನೆಯಿಂದ ಹೆಣ್ಣು ತರಲು ಜನ ಹಿಂದುಮುಂದು ನೋಡತೊಡಗಿದರು. ಹಕ್ಕಿ ಇಳಿಯದ ಹಿತ್ತಲು ಹಾಳು ಎಂದು ಒಂದು ಗಾದೆಯೂ ಹುಟ್ಟಿತು.

ಆ ಊರಿನಲ್ಲಿ ಬಾಳವ್ವ ಎಂಬ ಹೆಂಗಸಿದ್ದಳು. ಗಂಡ ಮಲಕಪ್ಪ ಸೀರೆ ನೇಯುತ್ತಿದ್ದ. ಅವಳು ನೂಲು ಸುತ್ತಿಕೊಡುತ್ತಿದ್ದಳು. ಮಾತು ಕಡಿಮೆ, ಮೂಗಿನ ಮೇಲೆ ಸಿಟ್ಟು ಎಂದು ಅವಳಿಗೆ ಹೆಸರು. ಗೋಡೆಯ ಆಚೆ ಮನೆ ನೀಲವ್ವನದು. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಒಲೆಗೆ ಕೆಂಡ ಬೇಕಾದರೂ ಪಲ್ಯಕ್ಕೆ ಉಪ್ಪು ಬೇಕಾದರೂ ಗೋಡೆಯ ಮೇಲಿಂದಲೇ ಕೈ ಚಾಚುತ್ತಿದ್ದರು. ಬಾಳವ್ವನಿಗೆ ಮಕ್ಕಳಿರಲಿಲ್ಲ. ನೀಲವ್ವನಿಗೆ ಸಂಗಿ ಎಂಬ ಪುಟ್ಟ ಮಗಳಿದ್ದಳು. ಸಂಗಿಗೆ ಹಸಿವಾದರೆ ಯಾವ ಮನೆಯ ರೊಟ್ಟಿ ಹತ್ತಿರವೋ ಅದನ್ನು ತಿನ್ನುವಳು.

ಒಂದು ಮಳೆಗಾಲ ಜೋಳಕ್ಕೆಲ್ಲ ನುಸಿ ಬಿತ್ತು. ಆಗ ಒಬ್ಬ ವ್ಯಾಪಾರಿ ಬಂದ. ಅವನಲ್ಲಿ ಒಂದು ಬಿಳಿಯ ಪುಡಿಯಿತ್ತು. ಕಾಳಿಗೆ ಕಲಸಿಟ್ಟರೆ ನುಸಿ ಸಾಯುತ್ತದೆ, ಬೀಸುವ ಮುಂಚೆ ಮೊರದಲ್ಲಿ ಹಿಡಿದು ಕೇರಿದರೆ ಪುಡಿ ಹಾರಿಹೋಗುತ್ತದೆ ಎಂದ. ಮೊದಲು ಗೌಡ ಕೊಂಡ. ಗೌಡ ಕೊಂಡದ್ದನ್ನು ನೋಡಿ ಊರೆಲ್ಲ ಕೊಂಡಿತು. ನುಸಿ ನಿಜವಾಗಿಯೂ ಸತ್ತಿತು. ವ್ಯಾಪಾರಿಯನ್ನು ಹೊಗಳಿ ಊಟ ಹಾಕಿ ಕಳಿಸಿದರು.

ಹೆಂಗಸರು ಹಿತ್ತಲಲ್ಲಿ ಕಾಳು ಕೇರಿದರು. ಕೆಳಗೆ ಉದುರಿದ ನುಚ್ಚನ್ನು ಗುಬ್ಬಿಗಳು ಹೆಕ್ಕಿದವು. ದಿನ ಕಳೆದಂತೆ ಗುಬ್ಬಿಗಳು ಕಡಿಮೆಯಾದವು, ಗೊರವಂಕಗಳು ಕಡಿಮೆಯಾದವು. ಕೋಳಿಗಳು ಸತ್ತವು. ಕೋಳಿಬೇನೆ ಎಂದರು. ಕೆಲವರಿಗೆ ತಲೆ ತಿರುಗಿತು. ಬಿಸಿಲು ಎಂದರು. ಯಾರ ಬಾಯಲ್ಲೂ ಬೇರೆ ಮಾತಿಲ್ಲ.

ಎಣಿಕೆಯ ದಿನ ಬಂತು.

ಬಾಳವ್ವ ನಸುಕಿನಲ್ಲೇ ಹಿತ್ತಲಿಗೆ ಬಂದು ಕುಳಿತಳು. ಕರಿಬೇವಿನ ಗಿಡ ಅಲುಗಲಿಲ್ಲ. ನೀರಿನ ಬಾನಿಯ ಅಂಚಿಗೆ ಯಾವುದೂ ಬಂದು ಕೂರಲಿಲ್ಲ. ಒಂದು ಕಾಗೆ ಮೇಲೆ ಹಾದುಹೋಯಿತು, ಇಳಿಯಲಿಲ್ಲ. ಬಿಸಿಲೇರಿತು. ಅವಳು ಎದ್ದು ಗೋಡೆಯ ಆಚೆ ನೋಡಿದಳು. ನೀಲವ್ವ ಸೆರಗು ಹೊದ್ದು ಗೋಣು ಬಗ್ಗಿಸಿ ಕುಳಿತಿದ್ದಳು. ಅವಳ ಹಿತ್ತಲಲ್ಲೂ ಏನೂ ಇರಲಿಲ್ಲ. ಬಾಳವ್ವ ಅವಳ ಹೆಸರು ಕರೆದಳು. ನೀಲವ್ವ ಕೇಳಿಸದವಳಂತೆ ಎದ್ದು ಒಳಗೆ ಹೋದಳು.

ಸಂಜೆ ಕಟ್ಟೆಯ ಸುತ್ತ ಜನ ಸೇರಿತು. ಒಬ್ಬ ಮೂವತ್ತು ಎಂದ. ಮತ್ತೊಬ್ಬ ನಲವತ್ತು ಎಂದ. ಬೀಜಗಳು ಮಡಕೆಗೆ ಬಿದ್ದವು. ಎಲ್ಲರ ದನಿ ಮೆತ್ತಗಿತ್ತು. ಎಲ್ಲರೂ ಹೋದ ವರ್ಷದ ಎಣಿಕೆಯನ್ನೇ ತುಸು ಹೆಚ್ಚುಕಡಿಮೆ ಮಾಡಿ ಹೇಳುತ್ತಿದ್ದಾರೆಂದು ಬಾಳವ್ವನಿಗೆ ತಿಳಿಯಿತು. ಅವಳ ಕಿವಿ ಬಿಸಿಯಾಯಿತು. ಬೇರೆಯವರು ಸುಳ್ಳು ಹೇಳಲಿ, ನೀಲವ್ವ ಹೇಳಲಾರಳು ಎಂದುಕೊಂಡಳು.

ನೀಲವ್ವ ಎದ್ದಳು. "ಗುಬ್ಬಿ ಇಪ್ಪತ್ತು, ಗೊರವಂಕ ನಾಕು" ಎಂದು ಕುಳಿತಳು.

ಬಾಳವ್ವನಿಗೆ ಮೈಯೆಲ್ಲ ಉರಿಯಿತು. ತನ್ನ ಸರದಿ ಬಂದಾಗ ನಿಂತು, "ಒಂದೂ ಇಲ್ಲ" ಎಂದಳು.

ಜನ ನಕ್ಕರು. ಗೌಡ ಕೈಯಲ್ಲಿ ಬೀಜ ಹಿಡಿದು, "ಸರಿಯಾಗಿ ನೋಡಿದೇನವ್ವಾ?" ಎಂದ.

"ನಾ ನೋಡೀನಿ. ನೀವೆಲ್ಲಾನೂ ನೋಡೀರಿ. ಯಾರ ಹಿತ್ತಲಕ್ಕೂ ಒಂದು ಹಕ್ಕಿ ಇಳಿದಿಲ್ಲ. ಮುಂಜಾನೆ ಒಂದು ಚಿಲಿಪಿಲಿ ಕೇಳಿದವರು ಇದ್ದರ ಎದ್ದು ನಿಂದರ್ರಿ. ನಲವತ್ತಂತ, ಇಪ್ಪತ್ತಂತ! ಊರಾಗ ಏನೋ ಕೆಟ್ಟೈತಿ. ಅದನ್ನ ಹುಡುಕೂದು ಬಿಟ್ಟು ಬೆಲ್ಲ ತಿನ್ನಾಕ ಕುಂತೀರಿ?"

ನಗು ನಿಂತಿತು. ಯಾರೂ ಏಳಲಿಲ್ಲ. ಗೌಡನೂ ಸಿಟ್ಟಾಗಲಿಲ್ಲ. ಮಗುವಿಗೆ ಹೇಳುವಂತೆ ಹೇಳಿದ.

"ನಿನ್ನ ಹಿತ್ತಲಕ ಇಳಿಲಿಲ್ಲ ಅಂದ್ರ ಊರಿಗೇ ಇಳಿಲಿಲ್ಲ ಅಂತ ಆಕ್ಕೈತೇನು ತಾಯಿ? ಹಬ್ಬದ ದಿನ ಸಿಟ್ಟು ಚಲೋ ಅಲ್ಲ. ಸಮಾಧಾನ ಮಾಡ್ಕೋ. ಕೂಡು."

ಸುತ್ತಲಿನವರೂ ಅದನ್ನೇ ಹೇಳಿದರು. ಸಮಾಧಾನ, ಸಮಾಧಾನ. ಮಲಕಪ್ಪ ಅವಳ ಸೆರಗು ಹಿಡಿದು ಎಳೆದ. ಬಾಳವ್ವ ನೀಲವ್ವನ ಕಡೆ ನೋಡಿದಳು. ನೀಲವ್ವ ನೆಲ ನೋಡುತ್ತಿದ್ದಳು. ಅವಳ ತೊಡೆಯ ಮೇಲೆ ಸಂಗಿ ನಿದ್ದೆ ಹೋಗಿದ್ದಳು. ಇಷ್ಟು ಜನರ ನಡುವೆ ತಾನೊಬ್ಬಳೇ ಕಿರುಚುತ್ತಿದ್ದೇನೆ ಎಂದು ಬಾಳವ್ವನಿಗೆ ನಾಚಿಕೆಯಾಯಿತು. ಸಿಟ್ಟನ್ನು ನುಂಗಿ ಕುಳಿತಳು.

ಊರಿಗೆ ಅಪಶಕುನ ಬೇಡವೆಂದು ಗೌಡ ಅವಳ ಹೆಸರಿನಲ್ಲಿ ಒಂದು ಹಿಡಿ ಬೀಜ ಮಡಕೆಗೆ ಸುರಿದ. ಮಡಕೆ ತುಂಬಿತು. ಬೆಲ್ಲ ಹಂಚಿದರು. ಬಾಳವ್ವ ತನ್ನ ಪಾಲಿನ ಬೆಲ್ಲವನ್ನು ಮುಟ್ಟದೆ ಮನೆಗೆ ಹೋದಳು.

ಅಂದಿನಿಂದ ಅವಳ ಮನೆಯ ಕೆಂಡವನ್ನು ಯಾರೂ ಒಯ್ಯಲಿಲ್ಲ. ಅವಳು ಬಾವಿಗೆ ಹೋದರೆ ಹೆಂಗಸರು ಕೊಡ ತುಂಬಿಕೊಂಡು ಬೇಗ ಹೊರಟುಬಿಡುವರು. ನೀಲವ್ವ ಗೋಡೆಯ ಹತ್ತಿರ ಬರುವುದನ್ನೇ ಬಿಟ್ಟಳು.

ಒಂದು ಮಧ್ಯಾಹ್ನ ಗೋಡೆಯ ಆಚೆಯಿಂದ ಅಳು ಕೇಳಿಸಿತು. ಸಂಗಿಗೆ ಹೊಟ್ಟೆ ಹಿಂಡಿ ಬಂದಿತ್ತು. ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಕೈಕಾಲು ನಡುಗುತ್ತಿದ್ದವು. ದೃಷ್ಟಿ ತೆಗೆದರು, ತಾಯತ ಕಟ್ಟಿದರು. ಬಾಳವ್ವ ಓಮದ ನೀರು ಕಾಯಿಸಿಕೊಂಡು ಓಡಿದಳು. ನೀಲವ್ವ ಬಾಗಿಲ ಸಂದಿಯಿಂದಲೇ ಹೇಳಿದಳು:

"ಬ್ಯಾಡ. ಹೋಗು. ಹಕ್ಕಿ ಇಳಿಯದ ಮನಿಯ ಕೈ ನನ್ನ ಕೂಸಿಗೆ ಬ್ಯಾಡ."

ಬಾಳವ್ವ ಆ ನೀರನ್ನು ಹೊಸ್ತಿಲ ಮೇಲೆ ಚೆಲ್ಲಿ ಬಂದಳು. ಎರಡು ದಿನ ಒಲೆ ಹೊತ್ತಿಸಲಿಲ್ಲ, ನೂಲಿಗೂ ಕೈ ಹಚ್ಚಲಿಲ್ಲ. ಗೋಡೆಯ ಆಚೆಯ ಅಳುವಿಗೆ ಕಿವಿ ಕೊಡುತ್ತ ಕುಳಿತಳು. ಮೂರನೆಯ ದಿನ ಮುಂಜಾನೆ ಅಳು ಬೇರೆಯಾಯಿತು. ಸಂಗಿಗೆ ಮಣ್ಣು ಕೊಟ್ಟು ಬಂದರು.

ದುಃಖವೂ ಸಿಟ್ಟೂ ಒಂದೇ ಬಾರಿ ಬಂದರೆ ಕೈ ಸುಮ್ಮನಿರುವುದಿಲ್ಲ. ಬಾಳವ್ವ ಸಲಿಕೆ ಹಿಡಿದು ಹಿತ್ತಲಿನ ತಿಪ್ಪೆಯನ್ನು ಕಿತ್ತು ಹಾಕತೊಡಗಿದಳು. ಯಾವ ಗೊಬ್ಬರವನ್ನೂ ಯಾವ ಹೊಲಕ್ಕೂ ಒಯ್ಯುವುದಿರಲಿಲ್ಲ. ಆದರೂ ಕಿತ್ತಳು. ತಳದಲ್ಲಿ ಒಂದು ಹಳೆಯ ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದಳು. ಒಣಗಿ ಮುದುಡಿದ ಗುಬ್ಬಿಗಳು. ಬಟ್ಟೆ ಮಲಕಪ್ಪನ ಹರಿದ ಪಂಚೆಯದು.

ಅವಳು ಗಂಟನ್ನು ತಂದು ಮಗ್ಗದ ಮೇಲಿನ ಅರ್ಧ ನೇಯ್ದ ಸೀರೆಯ ಮೇಲೆ ಇಟ್ಟಳು.

ಮಲಕಪ್ಪನ ಮುಖ ಕಪ್ಪಿಟ್ಟಿತು. "ನೀ ನೊಂದ್ಕೋತಿ ಅಂತ ಹೇಳಲಿಲ್ಲ. ನಮ್ಮ ಮನಿಗಷ್ಟ ಏನೋ ಕೇಡು ಬಂದೈತಿ ಅಂತ ತಿಳ್ಕೊಂಡೆ. ದಿನಾ ಮುಂಜಾನೆ ನೀ ಏಳೂದರೊಳಗ ಹೆಕ್ಕಿ ಮುಚ್ಚಿಡ್ತಿದ್ದೆ."

"ಕಟ್ಟಿ ಮ್ಯಾಲ ನನ್ನ ಸೆರಗು ಎಳದ್ಯಲ್ಲ, ಅವಾಗ ನಿನಗ ಗೊತ್ತಿತ್ತು?"

ಅವಳು ಅವನ ಉತ್ತರಕ್ಕೆ ಕಾಯಲಿಲ್ಲ. ಸಲಿಕೆ ಎತ್ತಿಕೊಂಡು ಗೋಡೆ ಹತ್ತಿ ನೀಲವ್ವನ ಹಿತ್ತಲಿಗೆ ಜಿಗಿದಳು. ಸಾವಿನ ಮನೆಯೆಂದೂ ನೋಡಲಿಲ್ಲ. ನೇರವಾಗಿ ತಿಪ್ಪೆಗೆ ಸಲಿಕೆ ಹಾಕಿದಳು. ಸದ್ದು ಕೇಳಿ ನೀಲವ್ವ ಕೂದಲು ಬಿಚ್ಚಿಕೊಂಡೇ ಹೊರಗೆ ಬಂದಳು. ನಂಟರು ಹಿಂದೆ ಓಡಿಬಂದರು.

"ಅಗೀಬ್ಯಾಡ" ಎಂದಳು ನೀಲವ್ವ. "ಅದರಾಗ ಅದಾವು. ನಾನ ಹುಗಿದೀನಿ."

ಬಾಳವ್ವನ ಕೈ ನಿಂತಿತು. ಬಾಯಿ ತೆರೆಯುವ ಮೊದಲೇ ನೀಲವ್ವ ಬಂದು ಅವಳ ಎರಡೂ ತೋಳು ಹಿಡಿದು ಅಲುಗಿಸಿದಳು.

"ಅವತ್ತು ನೀ ಯಾಕ ಕುಂತುಬಿಟ್ಟಿ? ನಿಂತಿದ್ಯಲ್ಲ! ಇನ್ನೊಂದು ಮಾತು ಒದರಿದ್ದರ ನಾ ಬಾಯಿ ಬಿಡ್ತಿದ್ದೆ. ನಾಲಿಗಿ ತುದಿಗೆ ಬಂದಿತ್ತು. ನೀ ಕುಂತಿ. ನೀನ ಕುಂತ ಮ್ಯಾಲ ನಾ ಹ್ಯಾಂಗ ಏಳಲಿ?"

ಬಾಳವ್ವನಿಗೆ ಇದಕ್ಕೂ ಸಿಟ್ಟು ಬಂತು. ಸುಳ್ಳು ಹೇಳಿದವಳು ನೀನು, ಬಯ್ಯುವುದು ನನ್ನನ್ನೇ ಎಂದು ಅವಳು ಕೈ ಎತ್ತಿದಳು. ಆದರೆ ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಎತ್ತಿದ ಕೈಯಿಂದ ಸಲಿಕೆಯನ್ನು ನೀಲವ್ವನಿಗೆ ಕೊಟ್ಟಳು.

ಇಬ್ಬರೂ ಹೊರಟರು. ಮೊದಲು ಪಕ್ಕದ ಮನೆ, ಆಮೇಲೆ ಅದರ ಪಕ್ಕದ್ದು. ಕೇಳದೆ ಹಿತ್ತಲಿಗೆ ನುಗ್ಗಿದರು, ತಿಪ್ಪೆ ತೆಗೆದರು. ಗಂಡಸರು ಅಡ್ಡ ಬಂದರು. ಆದರೆ ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಗೆ ಸಮಾಧಾನ ಮಾಡಿಕೋ ಎಂದು ಹೇಳುವ ಬಾಯಿ ಯಾರಿಗೂ ಇರಲಿಲ್ಲ. ಒಂದು ಮನೆಯಲ್ಲಿ ಮುದುಕಿಯೊಬ್ಬಳು ತಾನಾಗಿ ಮೂಲೆ ತೋರಿಸಿದಳು. ಇನ್ನೊಂದು ಮನೆಯಲ್ಲಿ ಸೊಸೆಯೇ ಅಗೆದು ಕೊಟ್ಟಳು. ಒಬ್ಬೊಬ್ಬರೂ ತಮ್ಮದೊಂದೇ ಹಿತ್ತಲು ಹಾಳಾಗಿದೆ, ಉಳಿದವರದೆಲ್ಲ ನೆಟ್ಟಗಿದೆ ಎಂದು ನಂಬಿದ್ದರು. ಸತ್ತ ಹಕ್ಕಿಗಳನ್ನು ಮುಚ್ಚಿ, ಇಲ್ಲದ ಹಕ್ಕಿಗಳನ್ನು ಎಣಿಸಿದ್ದರು.

ಕೊನೆಗೆ ಗೌಡನ ಹಿತ್ತಲು. ಅವನ ತಿಪ್ಪೆಯೇ ಎಲ್ಲಕ್ಕಿಂತ ದೊಡ್ಡದು. ಅದರಲ್ಲೇ ಎಲ್ಲಕ್ಕಿಂತ ಹೆಚ್ಚು ಸಿಕ್ಕವು.

ಹಕ್ಕಿಗಳನ್ನೆಲ್ಲ ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಗುಬ್ಬಿ, ಗೊರವಂಕ, ಬೆಳವ. ಕಟ್ಟೆ ಸಾಲದೆ ನೆಲದ ಮೇಲೂ ಇಟ್ಟರು. ಊರೆಲ್ಲ ನಿಂತು ನೋಡಿತು. ಎಣಿಸಿರಿ ಎಂದು ಬಾಳವ್ವ ಕೂಗಿದಳು. ನೀಲವ್ವ ಒಂದು ಗುಬ್ಬಿಯನ್ನು ಕೈಗೆತ್ತಿಕೊಂಡು ಅದರ ಕೊರಳ ಚೀಲವನ್ನು ಉಗುರಿನಿಂದ ಸೀಳಿದಳು. ಒಳಗೆ ಜೋಳದ ನುಚ್ಚಿತ್ತು. ನುಚ್ಚಿಗೆ ಬಿಳಿಯ ಪುಡಿ ಮೆತ್ತಿತ್ತು. ಅವಳು ಅದನ್ನು ಅಂಗೈಯಲ್ಲಿ ಹಿಡಿದು ಜನರ ಮುಂದೆ ಚಾಚಿದಳು.

"ಇದನ್ನ ರೊಟ್ಟಿ ಮಾಡಿ ತಿನ್ನಿಸಿದೆ" ಎಂದಳು.

ಜನ ವ್ಯಾಪಾರಿಯನ್ನು ಹಿಡಿದು ತನ್ನಿ, ಕೊಲ್ಲಿ ಎಂದು ಎದ್ದರು. ಕೆಲವರು ದೊಣ್ಣೆ ಹಿಡಿದು ದಾರಿಗೆ ಬಿದ್ದರು. ಬಾಳವ್ವ ಕಟ್ಟೆಯ ಮುಂದೆ ಅಡ್ಡ ನಿಂತಳು.

"ಅವ ವಿಷ ಮಾರಿದ. ಅವನ್ನ ಆಮ್ಯಾಲ ಹುಡುಕೂಣು. ಎಣಿಕಿ ದಿನ ಗುಬ್ಬಿ ಇಲ್ಲ ಅಂತ ಇಲ್ಲಿ ಒಬ್ಬರು, ಬರೇ ಒಬ್ಬರು, ನನ್ನ ಜೋಡಿ ನಿಂತಿದ್ದರ ಆ ಕೂಸು ಉಳೀತಿತ್ತು. ನಲವತ್ತು ಅಂದವರು ಯಾರು? ಮೊದಲ ಅವರು ಮುಂದ ಬರ್ರಿ."

ದೊಣ್ಣೆಗಳು ಕೆಳಗಿಳಿದವು.

ಅಂದೇ ಕಣಜಗಳನ್ನು ಬರಿದು ಮಾಡಿದರು. ಊರಾಚೆ ಆಳವಾದ ಗುಂಡಿ ತೋಡಿ ವರ್ಷದ ಕಾಳನ್ನೆಲ್ಲ ಹುಗಿದರು. ನೆರೆಯೂರಿನ ಜೋಳ ಬರುವ ತನಕ ಗೆಣಸು ಬೇಯಿಸಿ ತಿಂದರು. ಹೊಟ್ಟೆನೋವು ಹಿಡಿದಿದ್ದ ಬೇರೆ ಮಕ್ಕಳು ಮೆಲ್ಲಗೆ ಚೇತರಿಸಿಕೊಂಡವು. ಅಂಥ ಮಕ್ಕಳಿದ್ದಾರೆಂಬುದೂ ಊರಿಗೆ ಆಗಲೇ ತಿಳಿದದ್ದು. ಅವರ ಬೇನೆಯನ್ನೂ ತಾಯಂದಿರು ಮುಚ್ಚಿಟ್ಟಿದ್ದರು.

ಕೆಲವು ದಿನಗಳ ಮೇಲೆ ಗೌಡ ಬಾಳವ್ವನ ಮನೆಗೆ ಬಂದ. ರುಮಾಲು ತೆಗೆದು ಅವಳ ಮುಂದಿಟ್ಟ.

"ತಪ್ಪಾತು ತಾಯಿ. ಆದದ್ದು ಆಗಿಹೋತು. ಇನ್ನರ ಸಿಟ್ಟು ಬಿಡು."

"ಅವತ್ತು ಬಿಟ್ಟಿದ್ನಲ್ಲ ಗೌಡ್ರ" ಎಂದಳು ಬಾಳವ್ವ. "ನೀವು ಹೇಳಿದ್ರಿ, ನಾ ಬಿಟ್ಟೆ. ಇನ್ನೊಮ್ಮೆ ಬಿಡೂದಿಲ್ಲ."

ರುಮಾಲು ಅಲ್ಲೇ ಇತ್ತು. ಅವಳು ಎತ್ತಿಕೊಡಲಿಲ್ಲ. ಅವನೇ ಎತ್ತಿಕೊಂಡು ಹೋದ.

ಮುಂದಿನ ಸುಗ್ಗಿಯ ಮೇಲೆ ಎಣಿಕೆ ನಡೆಯಬೇಕೋ ಬೇಡವೋ ಎಂದು ಮಾತು ಬಂತು. ನಿಲ್ಲಿಸಿಬಿಡೋಣ, ಅದರಿಂದಲೇ ಇಷ್ಟೆಲ್ಲ ಆಯಿತು ಎಂದರು ಕೆಲವರು. ನಡೆಯಲೇಬೇಕು ಎಂದವಳು ನೀಲವ್ವ. ಆದರೆ ಒಬ್ಬೊಬ್ಬರೇ ಎಣಿಸುವುದು ಬೇಡ, ಎರಡು ಮನೆಯವರು ಒಂದು ಹಿತ್ತಲಲ್ಲಿ ಕೂಡಬೇಕು, ಕಂಡದ್ದನ್ನು ಇಬ್ಬರೂ ಹೇಳಬೇಕು ಎಂದಳು. ಹಾಗೆಯೇ ಆಯಿತು. ನೀಲವ್ವ ಗೋಡೆ ದಾಟಿ ಬಾಳವ್ವನ ಹಿತ್ತಲಿಗೆ ಬಂದು ಕುಳಿತಳು. ಇಬ್ಬರ ನಡುವೆ ಹಿಂದಿನ ಸಲುಗೆ ಮರಳಿರಲಿಲ್ಲ. ಒಂದೇ ಚಾಪೆಯ ಎರಡು ತುದಿಯಲ್ಲಿ ಕುಳಿತು ಆಕಾಶ ನೋಡಿದರು. ಏನೂ ಇಳಿಯಲಿಲ್ಲ.

ಸಂಜೆ ಕಟ್ಟೆಯಲ್ಲಿ ಒಂದೊಂದೇ ಜೋಡಿ ಎದ್ದು ನಿಂತು ಇಲ್ಲ ಎಂದಿತು. ಕೇರಿಯ ತುದಿಯ ಒಂದು ಹಿತ್ತಲಲ್ಲಿ ಮಾತ್ರ ಎರಡು ಬೆಳವ ಇಳಿದಿದ್ದವಂತೆ. ಅದನ್ನು ಹೇಳುವಾಗ ಆ ಮನೆಯ ಗಂಡಸು ಅತ್ತುಬಿಟ್ಟ. ಯಾರೂ ಬೆಲ್ಲ ಕೇಳಲಿಲ್ಲ.

ಬಾಳವ್ವ ಬಹಳ ವರ್ಷ ಬದುಕಿದಳು. ಪ್ರತಿ ವರ್ಷ ಎಣಿಕೆಯ ಸಂಜೆ ಕಟ್ಟೆಯ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಯಾರ ದನಿಯಾದರೂ ಮೆತ್ತಗಾಯಿತೆಂದರೆ, ಮತ್ತೊಮ್ಮೆ ಹೇಳು ಎಂದು ಗದರುತ್ತಿದ್ದಳು. ಗೌಡನ ಜೊತೆ ಕೊನೆಯ ತನಕ ಮಾತಾಡಲಿಲ್ಲ. ಅವಳ ಮುಖದ ಬಿಗಿ ಸಡಿಲಲಿಲ್ಲ. ಅವಳನ್ನು ಕಂಡರೆ ಊರು ಹೆದರುತ್ತಿತ್ತು. ಆದರೆ ಮಕ್ಕಳಿಗೆ ಜ್ವರ ಬಂದರೆ ತಾಯಂದಿರು ಮೊದಲು ಅವಳ ಬಾಗಿಲಿಗೇ ಓಡಿ ಹೇಳುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು.

ಹಂಪಯ್ಯನಿಗೆ ಸಮಾಧಾನವಾಗಲಿಲ್ಲ. "ಗುರುಗಳೇ, ಆಕೆ ಕೋಪದಲ್ಲೇ ಬದುಕಿ ಕೋಪದಲ್ಲೇ ಸತ್ತಳಲ್ಲ. ಮನಸ್ಸಿಗೆ ಶಾಂತಿಯೇ ಇಲ್ಲದವಳಿಗೆ ಸದ್ಗತಿ ಹೇಗೆ?" ಎಂದು ಕೇಳಿದ.

ಗುರುಗಳು ಹೇಳಿದರು: "ಆ ಸಂಜೆ ಕಟ್ಟೆಯಲ್ಲಿ ಸುಳ್ಳು ಹೇಳಿದವರೆಲ್ಲ ಶಾಂತರಾಗಿಯೇ ಇದ್ದರು."